ಚಿಮಣಿ ಕಲೆ: ಮಳೆ ಅಂದ್ಕೊಂಡಿದ್ದೆ, ಸೌದೆ ಆಗಿತ್ತು

ಕೊಡಗಿನ ನಾಪೋಕ್ಲು ಕಡೆ ನಮ್ದು ಹಳೇ ಹಂಚಿನ ಮನೆ. ಬಚ್ಚಲೊಲೆ ಚಿಮಣಿ ಮೈಮೇಲೆ ಬೆಲ್ಲದ ಪಾಕ ಇಳಿದಂಗೆ ಕಂದು ಗೆರೆ, ಮೇಲ್ಗಡೆ ಬಿಳಿ ಪುಡಿ. ಮೇಸ್ತ್ರಿನೂ ನಮ್ಮ ಭಾವನೂ "ಈ ಮಳೆಗೆ ಕಲೆ ಬರ್ದೆ ಇರುತ್ತಾ, ಸುಮ್ನಿರಿ" ಅಂದಿದ್ರು.

ನಾನು ಸುಮ್ನಿರ್ಲಿಲ್ಲ. ಮೂರು ಸಲ ಪೇಂಟ್ ಹೊಡೆಸ್ದೆ, ಸಲಕ್ಕೆ 7-8 ಸಾವಿರ, ಕಂದು ಬಣ್ಣ ಒಂದೇ ಸೀಸನ್‌ಗೆ ಪೇಂಟ್ ದಾಟಿ ಆಚೆ ಬಂತು. ಆಮೇಲೆ ಆಸಿಡ್ ಹಾಕಿ ತೊಳೆಸ್ದೆ, ಒಂದು ವಾರ ಚೆನ್ನಾಗಿತ್ತು, ಆಮೇಲೆ ಬಿಳಿ ಪುಡಿ ಮೊದ್ಲಿಗಿಂತ ದಪ್ಪ ಬಂತು, ಇಟ್ಟಿಗೆ ಸಂದಿ ಗಾರೆನೂ ತಿಂದು ಹಾಕಿತ್ತು. ಕೊನೆಗೆ ವಾಟರ್‌ಪ್ರೂಫ್ ಕೋಟ್, 15 ಸಾವಿರದ ಹತ್ರ ಹೋಯ್ತು. ಅದು ಎಲ್ಲಕ್ಕಿಂತ ದೊಡ್ಡ ತಪ್ಪು, ಒಳಗಿನ ತೇವಕ್ಕೆ ಹೊರಗೆ ಬರೋ ದಾರಿನೇ ಮುಚ್ಚಿದಂಗಾಯ್ತು, ಎರಡನೇ ಬೇಸಿಗೆಗೆ ಗುಳ್ಳೆ ಎದ್ದು ಇಟ್ಟಿಗೆ ಮುಖದ ಸಮೇತ ಚಕ್ಕೆ ಚಕ್ಕೆ ಬಿತ್ತು.

ಗೊತ್ತಾಗಿದ್ದು ಜನವರಿಲಿ. ನಮ್ಮ ಸುಗ್ಗಿ ಹಬ್ಬ ಪುತ್ತರಿ ಕಳೆದು ತಿಂಗಳ ಮೇಲಾಗಿತ್ತು, ಒಂದು ಹನಿ ಮಳೆ ಇಲ್ಲ, ಅಟ್ಟದ ಮೇಲೆ ಟಾರ್ಚ್ ಬಿಟ್ಟು ನೋಡಿದ್ರೆ ಕಂದು ಗೆರೆ ಹಸಿಹಸಿ ಹೊಳೀತಿದೆ. ಬೆರಳಿಟ್ರೆ ಜಿಗುಟು, ಮೂಸಿದ್ರೆ ಹೊಗೆ ಮೀನಿನ ವಾಸ್ನೆ. ಅಂದ್ರೆ ನೀರು ಒಳಗಿಂದಾನೇ ಬರ್ತಿದೆ, ಹಸಿ ಸೌದೆಯ ಹಬೆ ತಣ್ಣಗಿರೋ ಚಿಮಣಿಲಿ ನೀರಾಗಿ, ಹೊಗೆಯಿಂದ ಕೂತ ಜಿಗುಟು ಟಾರ್ ಕರಗಿಸ್ಕೊಂಡು ಇಟ್ಟಿಗೆ ಸಂದಿಲಿ ಇಳೀತಿದೆ.

ಖಾತ್ರಿಗೆ ಒಂದು ಪ್ರಯೋಗ ಮಾಡ್ದೆ. ಹೊಸದಾಗಿ ಕಡಿದ ಸಿಲ್ವರ್ ಓಕ್ ಉರಿಸಿ ಹೊಗೆಗೆ ತಣ್ಣೀರಲ್ಲಿ ಅದ್ದಿ ಒರೆಸಿದ ಸ್ಟೀಲ್ ತಟ್ಟೆ ಹಿಡ್ದೆ, ಎರಡು ನಿಮಿಷಕ್ಕೆ ಟೀ ಬಣ್ಣದ ಹನಿ ಜಾರಿ ಅಂಚಿಗೆ ಬಂತು. ಒಂದು ವರ್ಷ ಒಣಗಿದ ಕಾಫಿ ಬೊಡ್ಡೆಗೆ ಬರೀ ಒಣ ಮಸಿ, ಊದಿದ್ರೆ ಹಾರೋ ಅಂಥದ್ದು. ಭಾವನ್ನ ಕರ್ದು ಎರಡೂ ತಟ್ಟೆ ತೋರಿಸ್ದೆ, ಆಮೇಲೆ ಅವರೇ ಏಣಿ ಹಿಡ್ಕೊಂಡ್ರು.

ಬಿಳಿ ಪುಡಿದು ಬೇರೆ ಕಥೆ, ಅದು ನಿಜವಾಗ್ಲೂ ಮಳೆ ನೀರೇ. 2018ರ ಆಗಸ್ಟ್ ಮಳೆ ಆದ್ಮೇಲೆ ಚಿಮಣಿ ತುದಿ ಸಿಮೆಂಟಲ್ಲಿ ಕೂದಲೆಳೆ ಬಿರುಕು ಬಿಟ್ಟಿತ್ತು, ನೀರು ಅಲ್ಲಿಂದ ಒಳಗಿಳೀತಿತ್ತು. ಒದ್ದೆ ಬಟ್ಟೆಲಿ ಒರೆಸಿದ್ರೆ ಹೋಗಿ, ಒಣಗಿದ್ಮೇಲೆ ವಾಪಸ್ ಬಂದ್ರೆ ಇಟ್ಟಿಗೆ ಒಳಗಿನ ಉಪ್ಪು ಅಂತಾನೇ ಲೆಕ್ಕ. ಟೋಪಿ ತಗಡಿನ ಕೆಳಗೆ ನೆಟ್ಟಗೆ ಇಳಿಯೋ ಕೆಂಪು ತುಕ್ಕು, ಬಿಸಿಲು ಕಾಣದ ಮೈಲಿ ಹಸಿರು ಪಾಚಿ, ಇವೆರಡು ನೋಡಿದ ತಕ್ಷಣ ಗೊತ್ತಾಗುತ್ತೆ.

ಈಗ ಮೀಟರ್‌ನಲ್ಲಿ ತೇವ ನೂರಕ್ಕೆ 20ಕ್ಕಿಂತ ಕೆಳಗಿದ್ರೆ ಮಾತ್ರ ಸೌದೆ ಒಲೆಗೆ, ಮೀಟರ್ ನಾನು ತಗೊಂಡಾಗ 1,500 ರೂಪಾಯಿ ಇದ್ದಿರ್ಬೇಕು. ಒಳಗಿನ ಟಾರ್ ಪೂರ್ತಿ ಕೆರೆಸ್ದೆ, ಅದನ್ನ ಹಾಗೇ ಬಿಟ್ರೆ ಒಂದಿನ ಚಿಮಣಿಗೇ ಬೆಂಕಿ ಹಿಡೀಬಹುದು. ಬಿರುಕು ಮುಚ್ಚಿಸಿ ಹೊರಗೆ ಸಿಮೆಂಟ್ ಬದ್ಲು ಸುಣ್ಣದ ಗಾರೆ ಮಾಡಿಸ್ದೆ, ಸುಣ್ಣಕ್ಕೆ ಏನು ಬೆರೆಸಿದ್ದು ಅನ್ನೋದು ನನ್ನತ್ರಾನೇ ಇರ್ಲಿ. ಎಲ್ಲಾ ಸೇರಿ 9 ಸಾವಿರ ದಾಟಿಲ್ಲ.

ಜೋರು ಮಳೆಯ ಕಕ್ಕಡ ತಿಂಗಳು ಕಳೀತು, ಪುತ್ತರಿ ಕಳೀತು, ಮೊನ್ನೆ ಮತ್ತೆ ಅಟ್ಟ ಹತ್ತಿ ಅದೇ ಜಾಗ ಮುಟ್ಟಿ ನೋಡ್ದೆ. ಬೆರಳಿಗೆ ಬರೀ ಸುಣ್ಣ ಅಂಟ್ತು.