ಕ್ಲಿಪ್ಪರ್ ಎಸೆಯದೆ ವಖಾರಿಯ ಲೆಕ್ಕ ದಾಟಿಸಿದ್ದು: ನನ್ನ ಅನುಭವ

ಕ್ಲಿಪ್ಪರ್ ಎಂಬ ಡಾಸ್ ಕಾಲದ ಭಾಷೆಯಲ್ಲಿ ಬರೆದ ಹಳೆಯ ಲೆಕ್ಕದ ಪ್ರೋಗ್ರಾಮನ್ನು ಎಸೆದು ಹೊಸದಾಗಿ ಬರೆ ಎಂದವರೇ ಎಲ್ಲ. ಹುಬ್ಬಳ್ಳಿಯ ಒಂದು ಕಂಪನಿ ಅದಕ್ಕೆ ಒಂಬತ್ತು ಲಕ್ಷ ಕೇಳಿತ್ತು. ನಾನು ಸುಮಾರು ಒಂದೂ ಮುಕ್ಕಾಲು ಲಕ್ಷದಲ್ಲಿ ಮುಗಿಸಿದೆ. ಈಗ ಮೂರನೆಯ ಹಂಗಾಮು ನಡೆಯುತ್ತಿದೆ, ಬೆಳೆಗಾರರಿಗೆ ಕೊಡುವ ಲೆಕ್ಕದ ಪಟ್ಟಿಯಲ್ಲಿ ಒಂದು ರೂಪಾಯಿಯೂ ಏರುಪೇರಾಗಿಲ್ಲ.

ಶಿರಸಿಯ ಒಂದು ಅಡಿಕೆ ವಖಾರಿಯ ಪ್ರೋಗ್ರಾಂ ಅದು. 1990ರ ದಶಕದ ಕೊನೆಯಲ್ಲಿ ಯಾರೋ ಬರೆದುಕೊಟ್ಟದ್ದು. ನಲವತ್ತು ಚಿಲ್ಲರೆ ಪಿಆರ್‌ಜಿ ಫೈಲು (ಪ್ರೋಗ್ರಾಮಿನ ಮೂಲ ಬರಹ), ಹದಿನೆಂಟು ಸಾವಿರ ಸಾಲಿನ ಆಸುಪಾಸು. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು ಎಂಬ ಅಡಿಕೆಯ ಬಗೆಗಳ ತೂಕ, ಹಮಾಲಿ, ಮುಂಗಡದ ಬಡ್ಡಿ ಎಲ್ಲವೂ ಅದರೊಳಗೆ. ಅದು ಓಡುತ್ತಿದ್ದ ಹಳೆಯ ವಿಂಡೋಸ್ ಎಕ್ಸ್‌ಪಿ ಯಂತ್ರ ಒಂದು ಮಳೆಗಾಲದ ತೇವಕ್ಕೆ ಸತ್ತಿತು. ಇಂದಿನ ಯಂತ್ರಗಳ 64 ಬಿಟ್ ವಿಂಡೋಸ್ ಅಂಥ ಡಾಸ್ ಪ್ರೋಗ್ರಾಮನ್ನು ಮೂಸಿಯೂ ನೋಡುವುದಿಲ್ಲ. ಹಳೆಯ ಡಾಸ್ ಯಂತ್ರದಂತೆ ನಟಿಸುವ ಡಾಸ್‌ಬಾಕ್ಸ್‌ನಲ್ಲಿ ಆರು ತಿಂಗಳು ದೂಡಿದೆವು. ಎರಡು ಕಂಪ್ಯೂಟರಿನಿಂದ ಒಟ್ಟಿಗೆ ಫೈಲು ತೆರೆದರೆ ದಾಖಲೆ ಹುಡುಕುವ ಇಂಡೆಕ್ಸ್ ಕೆಡುತ್ತಿತ್ತು, ದಿನಕ್ಕೆರಡು ಬಾರಿ ನನಗೆ ಫೋನು.

ಹೊಸದಾಗಿ ಬರೆಯುವ ಬದಲು ಅದೇ ಮೂಲವನ್ನು ಹಾರ್ಬರ್ ಕಂಪೈಲರಿಗೆ ಕೊಟ್ಟೆ. ಉಚಿತ, ಕ್ಲಿಪ್ಪರ್ ಭಾಷೆಯನ್ನೇ ಓದಿ ಇಂದಿನ ಯಂತ್ರಕ್ಕೆ ಓಡುವ ಪ್ರೋಗ್ರಾಂ ಕೊಡುತ್ತದೆ. ಮೊದಲು ಬರೆದ ಆ ಹಳಬ ಎಲ್ಲಿಂದಲೋ ತಂದು ಸೇರಿಸಿದ್ದ ಸಿದ್ಧ ಲೈಬ್ರರಿಯ ಹನ್ನೊಂದು ಫಂಕ್ಷನ್ ಕೈಯಾರೆ ಬರೆಯಬೇಕಾಯಿತು. ಎರಡು ಪಿಆರ್‌ಜಿ ಫೈಲು ಕಳೆದೇ ಹೋಗಿದ್ದವು. ಓಡುವ ಫೈಲಾದ ಹಳೆಯ ಇಎಕ್ಸ್‌ಇ ಹೊಟ್ಟೆಯಿಂದ ಅವನ್ನು ಹೇಗೆ ಹೊರತೆಗೆದೆ ಎಂದು ಇಲ್ಲಿ ಹೇಳುವುದಿಲ್ಲ. ಸಿದ್ದಾಪುರದ ಎರಡು ಅಂಗಡಿಯವರು ಅದಕ್ಕಾಗಿಯೇ ನನ್ನನ್ನು ಕಾಯುತ್ತಿದ್ದಾರೆ.

ಪೆಟ್ಟು ಬಿದ್ದದ್ದು ಆಮೇಲೆ, ಲೆಕ್ಕದ ದಾಖಲೆಗಳಿದ್ದ ಡಿಬಿಎಫ್ ಫೈಲುಗಳನ್ನು ಪೋಸ್ಟ್‌ಗ್ರೆಸ್ ಎಂಬ ಇಂದಿನ ಡೇಟಾಬೇಸಿಗೆ ಸಾಗಿಸುವಾಗ. ಒಟ್ಟು ಬಾಕಿ ಮೂರೂವರೆ ಲಕ್ಷದಷ್ಟು ಹೆಚ್ಚು ತೋರಿಸಿತು. ನಾಲ್ಕು ದಿನ ಬಡ್ಡಿಯ ಲೆಕ್ಕವನ್ನೇ ಕೆದಕಿದೆ. ಕೊನೆಗೆ ಫೈಲನ್ನು ಹೆಕ್ಸ್‌ನಲ್ಲಿ, ಬೈಟು ಬೈಟಾಗಿ ತೆರೆದು ನೋಡಿದರೆ ಕೆಲವು ದಾಖಲೆಗಳ ಮೊದಲ ಬೈಟಿನಲ್ಲಿ ನಕ್ಷತ್ರ ಚಿಹ್ನೆ! ಅದು ಡಿಲೀಟ್ ಆದದ್ದರ ಗುರುತು; ಡಿಲೀಟ್ ಮಾಡಿದ ದಾಖಲೆ, ಪ್ಯಾಕ್ ಎಂಬ ಆಜ್ಞೆಯಿಂದ ಪೂರ್ತಿ ತೆಗೆಯುವತನಕ, ಅಲ್ಲೇ ಇರುತ್ತದೆಂದು ಕ್ಲಿಪ್ಪರ್ ಬಲ್ಲ ನಮಗೆಲ್ಲ ಗೊತ್ತು. ನನ್ನ ಸಾಗಾಟದ ಸ್ಕ್ರಿಪ್ಟಿಗೆ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ಯಾರೂ ಪ್ಯಾಕ್ ಮಾಡಿರಲಿಲ್ಲ, ಸತ್ತ ನಮೂದುಗಳೆಲ್ಲ ಎದ್ದು ಬಂದಿದ್ದವು.

ಎರಡನೆಯದು ನನ್ನ ಅತಿಬುದ್ಧಿ. ಖಾತೆ ಸಂಖ್ಯೆ 417 ಆದರೆ ಬಡ್ಡಿ ಸೊನ್ನೆ ಎಂಬ ಸಾಲು ಸಿಕ್ಕಿತು. ಪರೀಕ್ಷೆಗೆ ಹಾಕಿ ಮರೆತದ್ದಿರಬೇಕು ಎಂದು ಅಳಿಸಿದೆ. ತಿಂಗಳ ಕೊನೆಗೆ ಹಿರಿಯ ಗುಮಾಸ್ತರು ಕರೆದರು: “ತಮ್ಮಾ, ಅದು ಸಾಹುಕಾರರ ಮಾವನ ಮನೆಯ ಖಾತೆ. ಅದಕ್ಕೆ ಬಡ್ಡಿ ಹಚ್ಚಿದವನು ನೀನೇ ಏನು?” ಆ ತಿಂಗಳ ನನ್ನ ಕೂಲಿಯ ಕಂತು ಹದಿನೈದು ದಿನ ತಡವಾಗಿ ಬಂತು.

ನಡುವೆ ಒಂದು ಚಪಲ. ಪಟ್ಟಿ ಮಾಡುವ ಪಿಆರ್‌ಜಿಯನ್ನು ಎಐಗೆ ಕೊಟ್ಟು ಪೈಥಾನ್ ಭಾಷೆಗೆ ತಿರುಗಿಸಿ ನೋಡಿದೆ. ಅಚ್ಚುಕಟ್ಟಾಗಿ ಬರೆದುಕೊಟ್ಟಿತು, ನನಗಿಂತ ಚೆನ್ನಾಗಿಯೇ. ಆದರೆ 48,312.50 ರೂಪಾಯಿಯನ್ನು ಕ್ಲಿಪ್ಪರ್ 48,313 ಮಾಡಿದರೆ ಪೈಥಾನ್‌ನ ರೌಂಡ್ 48,312 ಮಾಡುತ್ತದೆ, ಐವತ್ತು ಪೈಸೆ ಬಂದರೆ ಸರಿಸಂಖ್ಯೆಯ ಕಡೆಗೆ ವಾಲುವುದು ಅದರ ಪದ್ಧತಿ. ಒಂದು ರೂಪಾಯಿ ತಾನೇ ಎನ್ನಬೇಡಿ. ತೋಟಿಗರು ಪಟ್ಟಿಯನ್ನು ಮನೆಯಲ್ಲಿ ಕೂತು ಮತ್ತೆ ಕೂಡಿಸಿ ನೋಡುತ್ತಾರೆ.

ಕನ್ನಡದಲ್ಲಿ ಪಟ್ಟಿ ಮುದ್ರಿಸುವ ಆಸೆಯೂ ಕೈಗೂಡಲಿಲ್ಲ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಅಕ್ಷರಗಳನ್ನು ಚಿತ್ರವಾಗಿ ಹೊಡೆಯುತ್ತ ಒಂದು ಪಟ್ಟಿಗೆ ಮುಕ್ಕಾಲು ನಿಮಿಷ ಕಿರುಚಿತು. ಯಲ್ಲಾಪುರದ ಬಸ್ಸು ತಪ್ಪಿದವರ ಬೈಗುಳ ಕೇಳಿ ಮರುದಿನವೇ ಇಂಗ್ಲಿಷಿಗೆ ಮರಳಿದೆ.

ಡಾಸ್‌ಬಾಕ್ಸಿನ ಹಳತನ್ನೂ ಹೊಸದನ್ನೂ ಐದು ತಿಂಗಳು ಜೊತೆಗೆ ಓಡಿಸಿದೆವು. ಸಂಜೆ ಗುಮಾಸ್ತರು ಎರಡೂ ಪಟ್ಟಿಗಳನ್ನು ಬೆಳಕಿಗೆ ಹಿಡಿದು ಒಂದರ ಮೇಲೊಂದಿಟ್ಟು ನೋಡುತ್ತಿದ್ದರು. ಅಂಕಿ ಒಂದು ಕೂದಲೆಳೆ ಪಕ್ಕಕ್ಕೆ ಸರಿದಿದ್ದರೂ ನನಗೆ ಕರೆ. ಮಾರಿಕಾಂಬಾ ಜಾತ್ರೆಯ ವಾರ ವಹಿವಾಟು ತೆಳುವಾಗಿತ್ತು, ಆಗ ಹಳತನ್ನು ನಿಲ್ಲಿಸಿದೆ.

ಖರ್ಚಿನಲ್ಲಿ ಸರ್ವರ್, ಯುಪಿಎಸ್ ಸೇರಿ ಅರವತ್ತು ಸಾವಿರ. ಉಳಿದದ್ದು ಹನ್ನೊಂದು ತಿಂಗಳ ನನ್ನ ಕೂಲಿ. ಕೊನೆಯ ಕಂತು ಹದಿನೈದು ಸಾವಿರ ಇನ್ನೂ ಬರಬೇಕು. ಚಾಲಿಗೆ ದರ ಏರಲಿ ಎಂದಿದ್ದಾರೆ ಸಾಹುಕಾರರು.