ಬೂಸ್ಟು ಹಿಡಿಯುತ್ತಿದ್ದ ಮಿಡಿ ಉಪ್ಪಿನಕಾಯಿ ಕೊನೆಗೂ ಉಳಿಯಿತು

ಹೋದ ವರ್ಷ ಆಷಾಢದಲ್ಲಿ ಭರಣಿ ತೆರೆದರೆ ಮೇಲೆಲ್ಲ ಬಿಳಿ ಬೂಸ್ಟು. 2 ಕೆಜಿ ಮಾವಿನ ಮಿಡಿ, ಮೆಣಸು, ಸಾಸಿವೆ ಎಲ್ಲ ತಿಪ್ಪೆ ಪಾಲು. ಮೇಲಿನದ್ದಷ್ಟೇ ತೆಗೆದು ತಿನ್ನೋಣ ಅನ್ನಿಸಿತ್ತು, ಧೈರ್ಯ ಬರಲಿಲ್ಲ.

ತಪ್ಪು ನನ್ನದೇ. ಮನೆಯವರಿಗೆ ಬಿಪಿ ಅಂತ ಉಪ್ಪನ್ನು 200 ಗ್ರಾಮಿಗೆ ಇಳಿಸಿದ್ದೆ. ಉಪ್ಪು ರುಚಿಗೆ ಮಾತ್ರ ಅಲ್ವಲ್ಲ, ಕಾಯಿ ಕೆಡದಂತೆ ಕಾಯುವುದೂ ಅದೇ. "ಉಪ್ಪು ಕಡಿಮೆ ಮಾಡಬೇಡ, ತಿನ್ನೋದನ್ನ ಕಡಿಮೆ ಮಾಡು" ಅಂದರು ಅತ್ತೆ.

ಈ ಸಲ 2 ಕೆಜಿಗೆ 500 ಗ್ರಾಂ ಕಲ್ಲುಪ್ಪು ಹಾಕಿದೆ. ಭರಣಿಯನ್ನು ಎರಡು ದಿನ ಬಿಸಿಲಿಗಿಟ್ಟೆ. ಮಿಡಿಗೆ ಚೂರು ತೊಟ್ಟು ಬಿಟ್ಟು, ತೊಳೆದು, ಒರೆಸಿ, ನೆರಳಲ್ಲಿ ಪೂರ್ತಿ ಆರಿಸಿದೆ. ಒಂದು ಪದರ ಮಿಡಿ, ಒಂದು ಪದರ ಉಪ್ಪು. ದಿನಾ ಒಮ್ಮೆ ಕುಲುಕುವುದು. ಮೂರು ದಿನಕ್ಕೆ ನೀರು ಬಿಟ್ಟಿತು, ಆದರೆ ಮೇಲಿನ ಕಾಯಿಗಳು ತೇಲುತ್ತಿದ್ದವು. ಬೂಸ್ಟು ಶುರುವಾಗುವುದು ಅಲ್ಲೇ. ಒಂದು ಪಿಂಗಾಣಿ ತಟ್ಟೆ ಮುಚ್ಚಿ, ಕುದಿಸಿ ಒಣಗಿಸಿದ ಹೊಳೆಕಲ್ಲು ಹೇರಿದೆ. ಎಲ್ಲ ಮುಳುಗಿದವು.

ಹನ್ನೆರಡು ದಿನಕ್ಕೆ ಮಿಡಿ ಸುಕ್ಕಾಯಿತು. ಉಪ್ಪುನೀರು ಸೋಸಿ, ಕುದಿಸಿ, ಪೂರ್ತಿ ತಣಿಸಿ, ಅದರಲ್ಲೇ ಒಣಮೆಣಸು, ಸಾಸಿವೆ, ಅರಿಶಿನ ರುಬ್ಬಿ ಕಲಸಿದೆ. ಹನಿ ಹಸಿನೀರು ಸೇರಿಸಲಿಲ್ಲ.

ವಾರಕ್ಕೆ ಬೇಕಾದಷ್ಟನ್ನು ಸಣ್ಣ ಬಾಟಲಿಗೆ ತೆಗೆಯುತ್ತೇನೆ. ದೊಡ್ಡ ಭರಣಿಗೆ ಮಕ್ಕಳ ಕೈ ಎಟುಕದು. ಮಳೆಗಾಲ ಕಳೆದು ದೀಪಾವಳಿ ಬಂತು, ಕಾಯಿ ಇನ್ನೂ ಕರುಕುರು ಅನ್ನುತ್ತಿದೆ. ಮನೆಯವರಿಗೆ ಮಾತ್ರ ಊಟಕ್ಕೆ ಅರ್ಧ ಮಿಡಿ!