ಬ್ರೇಕ್ ಒತ್ತಿದರೆ ನಡುಗುತ್ತಿದ್ದ ಕ್ಯಾಮೆರಾ

ದೀಪಾವಳಿ ಕಳೆಯಿತು. ನನ್ನ ಆಲ್ಟೋ ಕಾರಿನ ಹಿಂಬದಿಗೆ ನಾನೇ ಹಾಕಿದ ಕ್ಯಾಮೆರಾ ಇನ್ನೂ ಚಿತ್ರ ತೋರಿಸುತ್ತಿದೆ. ಒಂದು ಇಡೀ ಮಳೆಗಾಲ, ಅದೂ ಕಾಸರಗೋಡಿನ ಮಳೆಗಾಲ, ದಾಟಿ ಬಂದಿದೆ. ಇನ್ನು ಬರೆಯಬಹುದು ಅನಿಸಿತು. ಮೊದಲೇ ಬರೆಯದೆ ಕೂತದ್ದಕ್ಕೆ ಕಾರಣ ಇದೆ. ಕಳೆದ ವರ್ಷ ವಿಷು ಹೊತ್ತಿಗೆ ಬಂದ ನೆಂಟರಿಗೆಲ್ಲ ರಿವರ್ಸ್ ಹಾಕಿ ಹಾಕಿ ತೋರಿಸಿದ್ದೆ. ಜೂನ್ ಎರಡನೇ ವಾರಕ್ಕೆ ಸ್ಕ್ರೀನ್ ಕಪ್ಪಾಯಿತು. ಭಾವ ಅದನ್ನು ಇವತ್ತಿಗೂ ಆಡಿಕೊಳ್ಳುತ್ತಾರೆ.

ಕಾರು 2013ರದ್ದು. ಹೊಸ ಕಾರುಗಳಿಗೆ ಪಾರ್ಕಿಂಗ್ ಸೆನ್ಸರ್ ಕಡ್ಡಾಯ ಆದದ್ದು 2019ರ ಜುಲೈಯಲ್ಲಿ, ಹಾಗಾಗಿ ನನ್ನದರಲ್ಲಿ ಅದೂ ಇರಲಿಲ್ಲ. ಮನೆ ನೀರ್ಚಾಲಿನಿಂದ ಒಳಗೆ. ಟಾರು ರಸ್ತೆ ಬಿಟ್ಟ ಮೇಲೆ ಓಣಿ. ಒಂದು ಬದಿ ಕೆಂಪು ಕಲ್ಲಿನ ಪಾಗಾರ, ಇನ್ನೊಂದು ಬದಿ ನೀರು ಹರಿಯುವ ತೋಡು. ಅಂಗಳದಲ್ಲಿ ಅಡಿಕೆ ಹರಡಿದ್ದರೆ ಕಾರು ತಿರುಗಿಸಲಿಕ್ಕೆ ಜಾಗ ಇಲ್ಲ. ಒಂದು ಐವತ್ತು ಅರವತ್ತು ಮೀಟರ್ ರಿವರ್ಸಿನಲ್ಲೇ ರಸ್ತೆಗೆ ಬರಬೇಕು. ಹಿಂದಿನ ಸೀಟಿನಲ್ಲಿ ಅಡಿಕೆ ಗೋಣಿ ಇದ್ದರೆ ಗಾಜಿನಲ್ಲಿ ಕಾಣುವುದು ಗೋಣಿ ಮಾತ್ರ.

ಮೊದಲು ಸುಮ್ನೆ ಒಂಬೈನೂರು ರೂಪಾಯಿಯ ನಾಲ್ಕು ಕಣ್ಣಿನ ಸೆನ್ಸರ್ ಹಾಕಿ ನೋಡಿದೆ. ಅದು ಪಾಗಾರಕ್ಕೆ ಕೂಗಿತು, ಹುಲ್ಲಿಗೆ ಕೂಗಿತು, ಜೋರು ಮಳೆ ಬಂದರೆ ಯಾವುದಕ್ಕೆ ಅಂತ ಗೊತ್ತಿಲ್ಲದೆ ಕೂಗಿತು. ತೋಡಿಗೆ ಮಾತ್ರ ಒಂದು ದಿನವೂ ಕೂಗಲಿಲ್ಲ. ಹೇಗೆ ಕೂಗುತ್ತದೆ? ಅದು ಬಿಡುವ ಸದ್ದು ತಾಗಿ ವಾಪಸು ಬರಲು ಅಲ್ಲಿ ಏನಾದರೂ ಇರಬೇಕಲ್ಲ. ಎಡಗಡೆ ಚಕ್ರ ತೋಡಿಗೆ ಇಳಿದ ದಿನ ಮೂರು ಗೋಣಿ ಅಡಿಕೆ ತಲೆಯ ಮೇಲೆ ಹೊತ್ತು ಇಳಿಸಿದ ಮೇಲೆಯೇ ಕಾರು ಮೇಲೆ ಬಂದದ್ದು. ಅವತ್ತು ಕ್ಯಾಮೆರಾ ಅಂತ ತೀರ್ಮಾನ ಆಯಿತು.

ಪೇಟೆಯ ಅಂಗಡಿಯಲ್ಲಿ ಕೇಳಿದೆ. ಸ್ಕ್ರೀನು, ಕ್ಯಾಮೆರಾ, ಕೆಲಸ ಎಲ್ಲ ಸೇರಿ ಆರೂವರೆ ಸಾವಿರ ಅಂದರು. ಮನೆಯಲ್ಲಿ ಮೀಟರ್ ಇದೆ, ಸೋಲ್ಡರಿಂಗ್ ಐರನ್ ಇದೆ, ಪಂಪಿನ ಸ್ಟಾರ್ಟರ್ ನಾನೇ ರಿಪೇರಿ ಮಾಡುತ್ತೇನೆ. ಇದಕ್ಕೆ ಆರೂವರೆ ಸಾವಿರವೇ ಅಂತ ಅಹಂಕಾರ ಬಂತು.

ಅಹಂಕಾರಕ್ಕೆ ಮೊದಲ ಪೆಟ್ಟು ಸಾವಿರದ ನೂರು ರೂಪಾಯಿ. ನೋಡಲು ಚಂದ ಇದೆ ಅಂತ ಎಎಚ್‌ಡಿ, ಅಂದರೆ ಚಿತ್ರ ಹೆಚ್ಚು ಸ್ಪಷ್ಟ ಇರುವ ಮಾದರಿಯ ಕ್ಯಾಮೆರಾ ತರಿಸಿದೆ. ನಾನು ತಂದ ಸ್ಕ್ರೀನು ಕನ್ನಡಿಯ ಮೇಲೆ ಕ್ಲಿಪ್ ಆಗುವ 4.3 ಇಂಚಿನದ್ದು, ಸಾದಾ ಸಿವಿಬಿಎಸ್, ಅಂದರೆ ಹಳೆ ಟಿವಿಯ ಮಾದರಿಯ ವಿಡಿಯೋ ಸಿಗ್ನಲ್ ಮಾತ್ರ ಅದಕ್ಕೆ ಅರ್ಥ ಆಗುವುದು. ಹಳದಿ ಜಾಕ್ ಎರಡಕ್ಕೂ ಒಂದೇ, ಚೆನ್ನಾಗಿ ಕೂರುತ್ತದೆ. ಚಿತ್ರ ಮಾತ್ರ ಬರುವುದಿಲ್ಲ. ಎರಡು ದಿನ ವಯರ್ ಹುಡುಕಿದೆ. ಮೂರನೇ ದಿನ ಡಬ್ಬ ಓದಿದೆ.

ನಡುವೆ ಒಂದು ವಯರ್‌ಲೆಸ್ ಕಿಟ್ ಕೂಡ ತಂದೆ, ಏಳುನೂರೋ ಏನೋ. ಅಂಗಳದಲ್ಲಿ ಸರಿ ಇತ್ತು. ಪೇಟೆಗೆ ಹೋದರೆ ಚಿತ್ರ ಹರಿದು ಹೋಗುತ್ತಿತ್ತು. ಅದರ ಬಗ್ಗೆ ಇಷ್ಟು ಸಾಕು.

ಕೊನೆಗೆ ಆರುನೂರೈವತ್ತರ ಸಾದಾ ಕ್ಯಾಮೆರಾ, ಜೊತೆಗೆ ಬಂದ ಆರು ಮೀಟರ್ ಆರ್‌ಸಿಎ ಕೇಬಲ್, ಅದೇ ಹಳದಿ ಜಾಕಿನ ವಿಡಿಯೋ ವಯರ್. ಎಲ್ಲರೂ ಮಾಡುವ ಹಾಗೆ ಕ್ಯಾಮೆರಾದ ಕೆಂಪು ವಯರ್ ರಿವರ್ಸ್ ಲೈಟಿನ ಪ್ಲಸ್ಸಿಗೆ, ಕಪ್ಪು ವಯರ್ ಅಲ್ಲೇ ಕಾರಿನ ಕಬ್ಬಿಣದ ಬಾಡಿಗೆ. ಲೈಟಿನ ಪ್ಲಸ್ ಯಾವುದು ಅಂತ ವಯರಿನ ಬಣ್ಣ ನೋಡಿ ಹೇಳಲು ಹೋಗಬೇಡಿ, ಟೆಸ್ಟ್ ಲ್ಯಾಂಪ್ ಹಿಡಿಯಿರಿ. ಚಿತ್ರ ಬಂತು. ಜೊತೆಗೆ ಅಡ್ಡ ಗೆರೆಗಳೂ ಬಂದವು, ಕೆಳಗಿನಿಂದ ಮೇಲಕ್ಕೆ ಏರುತ್ತಾ. ಆಕ್ಸಿಲರೇಟರ್ ಕೊಟ್ಟರೆ ಗೆರೆಗಳ ಓಟವೂ ಜಾಸ್ತಿ. ರಿವರ್ಸಿನಲ್ಲಿ ಬ್ರೇಕ್ ಒತ್ತಿದರೆ ಇಡೀ ಚಿತ್ರ ಒಂದು ಸಲ ನಡುಗಿ ನಿಲ್ಲುತ್ತಿತ್ತು, ಕೆಲವೊಮ್ಮೆ ನೀಲಿ ಆಗಿ ಹೋಗುತ್ತಿತ್ತು. ಬ್ರೇಕ್ ಒತ್ತುವುದೇ ತೋಡು ಹತ್ತಿರ ಬಂದಾಗ. ಆಗಲೇ ಚಿತ್ರ ಇಲ್ಲ ಅಂದರೆ ಏನು ಪ್ರಯೋಜನ?

ಕೇಳಿದವರೆಲ್ಲ ಒಂದೇ ಮಾತು ಹೇಳಿದರು. ಕುಂಬಳೆಯ ಎಲೆಕ್ಟ್ರಿಷಿಯನ್ ಮಲಯಾಳದಲ್ಲಿ "ಶರಿಯಾವಿಲ್ಲ" ಅಂದರು. ವರ್ಕ್‌ಶಾಪಿನ ಹುಡುಗ ತುಳುವಿನಲ್ಲಿ "ಆಪುಜಿ" ಅಂದ. ಭಾವ ಕನ್ನಡದಲ್ಲೇ "ಆಗ್ಲಿಕ್ಕಿಲ್ಲ ಮಾರಾಯ, ಅಗ್ಗದ ಮಾಲು, ಬಿಸಾಡು" ಅಂದರು. ನಮ್ಮ ಊರಿನ ಅನುಕೂಲ ನೋಡಿ, ಒಂದೇ ನಿರಾಸೆ ಮೂರು ಭಾಷೆಯಲ್ಲಿ ಸಿಗುತ್ತದೆ. ಎಲ್ಲರ ಪ್ರಕಾರ ಕ್ಯಾಮೆರಾ ಹಾಳು, ಇಲ್ಲವೇ ಸ್ಕ್ರೀನ್ ಹಾಳು. ಕರೆಂಟಿನ ಏರಿಳಿತ ತಡೆಯುವ ಫಿಲ್ಟರ್ ಹಾಕಿ ಅಂದವರೂ ಇದ್ದರು. 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ ನೋಡಿದೆ. ಗೆರೆ ಸ್ವಲ್ಪ ತೆಳುವಾಯಿತು, ನಡುಕ ಹಾಗೇ ಉಳಿಯಿತು.

ನನಗೆ ಆ ನಡುಕವೇ ತಲೆಗೆ ಹೊಕ್ಕಿತ್ತು. ಕ್ಯಾಮೆರಾ ಹಾಳಾಗಿದ್ದರೆ ಅದಕ್ಕೆ ಬ್ರೇಕ್ ಗೊತ್ತಾಗುವುದು ಹೇಗೆ? ಒಂದು ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಬ್ಯಾಟರಿಯ ನೆಗೆಟಿವ್‌ನಿಂದ ಉದ್ದ ವಯರ್ ಹಿಂದಕ್ಕೆ ಎಳೆದೆ. ಮೀಟರಿನ ಒಂದು ಕಡ್ಡಿ ಅದಕ್ಕೆ, ಇನ್ನೊಂದು ಕ್ಯಾಮೆರಾದ ಕಪ್ಪಿಗೆ. ಸೊನ್ನೆ ತೋರಿಸಬೇಕಿತ್ತು. ರಿವರ್ಸ್ ಹಾಕಿದಾಗ 0.3 ವೋಲ್ಟ್. ಮಗಳಿಗೆ ಬ್ರೇಕ್ ಒತ್ತು ಅಂದೆ. 0.8ರ ಹತ್ತಿರ ಹೋಯಿತು. ಅಂದರೆ ಹಿಂದಿನ ಲೈಟುಗಳ ಅರ್ತ್, ಅವುಗಳ ಕರೆಂಟ್ ಕಾರಿನ ಬಾಡಿಗೆ ಸೇರುವ ಸ್ಕ್ರೂ, ಕೆಟ್ಟಿದೆ. ಬ್ರೇಕ್ ಬಲ್ಬು ಒಂದೊಂದು 21 ವ್ಯಾಟ್, ಆ ಕರೆಂಟೆಲ್ಲ ಅದೇ ತುಕ್ಕು ಹಿಡಿದ ಸ್ಕ್ರೂವಿನ ಮೂಲಕ ವಾಪಸು ಹೋಗಬೇಕು. ಹೋಗಲಾರದ್ದು ನನ್ನ ಆರ್‌ಸಿಎ ಕೇಬಲಿನ ಹೊರಬಲೆ ಹಿಡಿದು ಸ್ಕ್ರೀನಿನ ಕಡೆಗೆ ಓಡುತ್ತಿತ್ತು. ಪ್ಲಸ್ ಕೂಡ ಅಷ್ಟಕ್ಕಷ್ಟೆ. ಎಂಜಿನ್ ಆಫ್ ಇದ್ದಾಗ ಬ್ಯಾಟರಿಯಲ್ಲಿ ಹನ್ನೆರಡೂಕಾಲು ಇದ್ದರೆ ರಿವರ್ಸ್ ಲೈಟಿನ ಹತ್ತಿರ ಹನ್ನೊಂದೂ ಇಲ್ಲ. ಹಳೆ ವಯರು, ಹಳೆ ಸ್ವಿಚ್ಚು.

ಕಪ್ಪನ್ನು ಬಾಡಿಯಿಂದ ಬಿಚ್ಚಿ ಆ ಉದ್ದ ವಯರಿಗೆ ಮುಟ್ಟಿಸಿದೆ. ಗೆರೆ ಮಾಯ! ಬ್ರೇಕ್ ಒತ್ತಿಸಿದೆ, ಬಿಡಿಸಿದೆ, ಒತ್ತಿಸಿದೆ. ನಡುಕ ಎಷ್ಟೋ ಕಡಿಮೆ. ಮಗಳು "ಸಾಕಾ ಅಪ್ಪ" ಅಂತ ನಾಲ್ಕು ಸಲ ಕೇಳಿದಳು.

ಅರ್ತ್ ಸ್ಕ್ರೂ ಉಜ್ಜಿದರೆ ಸಾಕಿತ್ತಲ್ವಾ ಅಂತ ನೀವು ಕೇಳಬಹುದು. ಉಜ್ಜಿದೆ. ಹದಿನೈದು ದಿನ ಚೆನ್ನಾಗಿತ್ತು, ಮತ್ತೆ ಶುರು. ಸಮುದ್ರ ಇಷ್ಟು ಹತ್ತಿರ ಇರುವ ಊರಿನಲ್ಲಿ ಕಬ್ಬಿಣವನ್ನು ಎಷ್ಟು ಸಲ ಉಜ್ಜುವುದು?

ಹಾಗಾಗಿ ಹಿಂದಿನಿಂದ ಕ್ಯಾಮೆರಾಕ್ಕೆ ಏನನ್ನೂ ಕೊಡಬಾರದು ಅಂತ ಮಾಡಿದೆ. ಡ್ಯಾಶ್‌ಬೋರ್ಡಿನ ಕೆಳಗೆ ಸಾದಾ ನಾಲ್ಕು ಕಾಲಿನ ರಿಲೇ, ಸಣ್ಣ ಕರೆಂಟ್ ಬಂದರೆ ತಾನೇ ಆನ್ ಆಗುವ ಸ್ವಿಚ್. ಆರ್‌ಸಿಎ ಕೇಬಲಿನ ಜೊತೆಗೇ ಬರುವ ಸಣ್ಣ ಕೆಂಪು ವಯರ್ ರಿವರ್ಸ್ ಲೈಟಿನ ಸುದ್ದಿಯನ್ನು ಮುಂದಕ್ಕೆ ತರುತ್ತದೆ, ಅದು ರಿಲೇಯ 86ನೇ ನಂಬರಿನ ಕಾಲಿಗೆ. 85 ಅರ್ತ್. 30ಕ್ಕೆ ಆಕ್ಸೆಸರಿ ಲೈನಿನಿಂದ, ಅಂದರೆ ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಲೈನಿನಿಂದ, ಎರಡು ಆಂಪಿಯರ್ ಫ್ಯೂಸ್ ದಾಟಿ ಬಂದ ಪ್ಲಸ್. 87ರಿಂದ ಬೇರೆ ವಯರಿನಲ್ಲಿ ಹಿಂದೆ ಕ್ಯಾಮೆರಾಕ್ಕೆ. ಕ್ಯಾಮೆರಾದ ಕಪ್ಪೂ ಮುಂದಕ್ಕೆ ಬಂದು, ಸ್ಕ್ರೀನಿನ ಕಪ್ಪು ಯಾವ ಬೋಲ್ಟಿಗಿದೆಯೋ ಅದೇ ಬೋಲ್ಟಿಗೆ. ಪಕ್ಕದ ಬೋಲ್ಟ್ ಅಲ್ಲ, ಅದೇ ಬೋಲ್ಟ್. ನೂರು ಮಿಲಿಆಂಪಿಯರ್ ಕ್ಯಾಮೆರಾಕ್ಕೆ ರಿಲೇ ಯಾಕೆ ಅಂತ ಎಲೆಕ್ಟ್ರಿಷಿಯನ್ ನಕ್ಕರು. ನಗಲಿ. ಈಗ ರಿವರ್ಸ್ ಹಾಕಿದರೆ ಕಾಲ ಹತ್ತಿರ ಟಕ್ ಅನ್ನುತ್ತದೆ, ಚಿತ್ರ ಗಾಜಿನ ಹಾಗೆ ಬರುತ್ತದೆ.

ಕೇಬಲ್ ಎಳೆಯುವುದರಲ್ಲಿ ಕಷ್ಟ ಇರುವುದು ಒಂದೇ ಕಡೆ, ಡಿಕ್ಕಿ ಬಾಗಿಲಿನ ರಬ್ಬರ್ ಕೊಳವೆ. ಮೊದಲು ಹಿಡಿಸೂಡಿ ಕಡ್ಡಿ ತೂರಿಸಿದೆ, ಒಳಗೇ ಮುರಿಯಿತು. ಅದನ್ನು ತೆಗೆಯಲು ಅರ್ಧ ಗಂಟೆ. ಆಮೇಲೆ ಸೈಕಲ್ ಬ್ರೇಕಿನ ಒಳ ಕೇಬಲ್ ಸಿಕ್ಕಿತು. ಅದಕ್ಕೆ ವಯರ್ ಕಟ್ಟಿ ಟೇಪು ಸುತ್ತಿ ಅಂಟುವಾಳದ ನೊರೆ ಸವರಿ ಎಳೆದೆ. ಬೆಣ್ಣೆಯ ಹಾಗೆ ಬಂತು. ಎಣ್ಣೆ ಮಾತ್ರ ಬೇಡ, ರಬ್ಬರ್ ಉಬ್ಬುತ್ತದೆ. ಬಾಗಿಲಿನ ಹೊರಗಡೆ ಹೊಸ ತೂತು ಕೊರೆಯಲಿಲ್ಲ. ಹಾಗಾದರೆ ಕ್ಯಾಮೆರಾದ ವಯರ್ ಒಳಗೆ ಹೋದದ್ದು ಎಲ್ಲಿಂದ? ಮನೆಗೆ ಬಂದು ಕಾರು ನೋಡುವವರಿಗೆ ತೋರಿಸುತ್ತೇನೆ.

ಇನ್ನು ಜೂನ್ ಕಥೆ. ಕಪ್ಪಾದ ಸ್ಕ್ರೀನ್ ನೋಡಿ ಮೊದಲು ರಿಲೇ ಮೇಲೆ ಅನುಮಾನ. ಅದು ಟಕ್ ಅನ್ನುತ್ತಿತ್ತು. ಬಾಗಿಲಿನ ಒಳಗಿನ ಪ್ಲಾಸ್ಟಿಕ್ ತೆಗೆದೆ. ಜಾಯಿಂಟಿಗೆ ನೀರು ಹೋಗಬಾರದು ಅಂತ ಧಾರಾಳವಾಗಿ ಸಿಲಿಕೋನ್ ಮೆತ್ತಿದ್ದೆ. ಅದನ್ನು ಬ್ಲೇಡಿನಲ್ಲಿ ಕೊಯ್ದು ಬಿಡಿಸಿದೆ. ಒಳಗೆ ತಾಮ್ರ ಇರಬೇಕಾದ ಜಾಗದಲ್ಲಿ ಹಸಿರು ಪುಡಿ. ಕಿಲುಬು. ದೇವರ ಮನೆಯ ತಂಬಿಗೆಗೆ ಹಿಡಿಯುವುದಕ್ಕಿಂತ ದಪ್ಪ. ಬೆರಳಿನಲ್ಲಿ ತಿಕ್ಕಿದರೆ ವಯರಿನ ಎಳೆಗಳು ಪುಡಿಪುಡಿಯಾಗಿ ಉದುರಿದವು, ಇನ್ಸುಲೇಶನ್ ಮಾತ್ರ ಟೊಳ್ಳು ಕೊಳವೆಯ ಹಾಗೆ ಕೈಯಲ್ಲಿ ಉಳಿಯಿತು. ಮಳೆ ನೀರು ಒಳಗೆ ಬಂದೇ ಇರಲಿಲ್ಲ. ತಿಂದದ್ದು ಸಿಲಿಕೋನೇ. ಹುಳಿ ವಾಸನೆ ಬರುವ ಸಿಲಿಕೋನ್ ಒಣಗುವಾಗ ಅಸೆಟಿಕ್ ಆಸಿಡ್ ಬಿಡುತ್ತದೆ, ಅಂದರೆ ವಿನೆಗರ್. ತಾಮ್ರಕ್ಕೆ ಅದು ವಿಷ. ಬಾತ್‌ರೂಮಿನ ಟೈಲ್ಸಿಗೆ ಉಳಿದದ್ದನ್ನು ತಂದು ಹಾಕಿದ್ದೆ, ಬಿಟ್ಟಿ ಅಂತ.

ಹೊಸ ಕೇಬಲಿಗೆ ಇನ್ನೂರೈವತ್ತು. ಕ್ಯಾಮೆರಾ ಪುಣ್ಯಕ್ಕೆ ಬದುಕಿತ್ತು. ಈ ಸಲ ಎಲ್ಲ ಜಾಯಿಂಟೂ ಸೋಲ್ಡರ್, ಅದರ ಮೇಲೆ ಒಳಗೆ ಅಂಟು ಇರುವ, ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಕೊಳವೆ, ಕೊನೆಗೆ ವಾಸನೆ ಇಲ್ಲದ ನ್ಯೂಟ್ರಲ್ ಸಿಲಿಕೋನ್, ಮುನ್ನೂರೈವತ್ತರದ್ದು. ವಯರ್ ಕ್ಯಾಮೆರಾಕ್ಕೆ ಹೋಗುವ ಮೊದಲು ಒಂದು ಇಳಿಜಾರು ಬಳುಕು ಬಿಟ್ಟಿದ್ದೇನೆ, ನೀರು ಅಲ್ಲೇ ತೊಟ್ಟಿಕ್ಕಲಿ ಅಂತ. ವಯರ್ ಜೋಡಿಸಲು ಒತ್ತಿ ಮುಚ್ಚುವ ನೀಲಿ ಕನೆಕ್ಟರ್ ನಮ್ಮ ಕರಾವಳಿಗೆ ಆಗುವುದೇ ಇಲ್ಲ. ಲೆನ್ಸಿಗೆ ಹಾರುವ ಕೆಂಪು ಕೆಸರಿಗೆ ಬೇರೆ ಉಪಾಯ ಇದೆ. ಅಡುಗೆ ಮನೆಯಲ್ಲೇ ಸಿಗುವ ಒಂದು ವಸ್ತು, ವಾರಕ್ಕೊಮ್ಮೆ ಸವರಿದರೆ ಹನಿ ನಿಲ್ಲುವುದಿಲ್ಲ. ಹೆಸರು ಸದ್ಯಕ್ಕೆ ಬೇಡ. ಇನ್ನೊಂದು ಮಳೆಗಾಲ ನೋಡುತ್ತೇನೆ.

ಇಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಗೋಣಿ ತುಂಬಿದಾಗ ಮುಂದೆ ಹೋಗುತ್ತಲೂ ಹಿಂದೆ ನೋಡಬಹುದಲ್ಲ ಅಂತ ಒಂದು ಸ್ವಿಚ್ ಹಾಕಿ 86ಕ್ಕೆ ಕೊಟ್ಟೆ, ಬ್ಯಾಟರಿಯಿಂದ ನೇರ, ಫ್ಯೂಸೂ ಇಲ್ಲದೆ. ಬದಿಯಡ್ಕಕ್ಕೆ ಹೋಗುತ್ತಿದ್ದೆ. ಹಿಂದಿನ ಜೀಪಿನವನು ಒಂದೇ ಸಮ ಹಾರ್ನ್. ಸೈಡ್ ಕೊಟ್ಟರೂ ಹೋಗಲಿಲ್ಲ. ನಿಲ್ಲಿಸಿ ಇಳಿದು ನೋಡಿದರೆ ನನ್ನ ರಿವರ್ಸ್ ಲೈಟ್ ಎರಡೂ ಬೆಳ್ಳಗೆ ಉರಿಯುತ್ತಿದೆ. ಸ್ವಿಚ್ಚಿನ ಕರೆಂಟ್ ಆ ಸಣ್ಣ ಕೆಂಪು ವಯರ್ ಹಿಡಿದು ಉಲ್ಟಾ ಹೋಗಿ ಬಲ್ಬು ಉರಿಸಿತ್ತು. ವಯರ್ ಮುಟ್ಟಿದೆ, ಬಿಸಿ. ಅವತ್ತು ಕಾರು ಸುಟ್ಟುಹೋಗದೆ ಇದ್ದದ್ದೇ ಹೆಚ್ಚು. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಎರಡು ರೂಪಾಯಿಯ 1N4007 ಡಯೋಡನ್ನು ಆ ಕೆಂಪು ವಯರಿನ ನಡುವೆ ಹಾಕಿದೆ, ಗೆರೆ ಇರುವ ಬದಿ ರಿಲೇ ಕಡೆಗೆ. ಅಲ್ಲಿಗೆ ಅದು ಮುಗಿಯಿತು. ಆದರೂ ಆ ಸ್ವಿಚ್ ಆನ್ ಇಟ್ಟು ಮದುವೆಗೆ ಅಂತ ನಾಲ್ಕೈದು ದಿನ ಬಸ್ಸಿನಲ್ಲಿ ಹೋಗಿದ್ದೆವು. ಬಂದು ನೋಡಿದರೆ ಬ್ಯಾಟರಿ ಮಲಗಿತ್ತು. ರಿಲೇ ಕಾಯಿಲ್ ಒಂದೇ ಸಾಕಾಗಿತ್ತು. ಈಗ ಸ್ವಿಚ್ಚಿಗೂ ಫ್ಯೂಸ್ ದಾಟಿದ ಆಕ್ಸೆಸರಿ ಲೈನಿನಿಂದಲೇ.

ಕ್ಯಾಮೆರಾ ತೋರಿಸುವ ಹಸಿರು ಹಳದಿ ಕೆಂಪು ಗೆರೆಗಳನ್ನು ನಾನು ನಂಬಲಿಲ್ಲ. ಅವು ಯಾವುದೋ ಎತ್ತರದ, ಯಾವುದೋ ಅಗಲದ ಕಾರಿಗೆ. ನನ್ನ ಕ್ಯಾಮೆರಾದಲ್ಲಿ ಹಸಿರು ಲೂಪ್ ವಯರ್ ಕತ್ತರಿಸಿದರೆ ಗೆರೆ ಹೋಗುತ್ತದೆ, ಬಿಳಿ ಕತ್ತರಿಸಿದರೆ ಎಡ ಬಲ ಅದಲು ಬದಲು. ಹಸಿರು ಮಾತ್ರ ಕತ್ತರಿಸಿದೆ. ಆಮೇಲೆ ಅಂಗಳದಲ್ಲಿ ಬಂಪರಿನಿಂದ ಅರ್ಧ ಮೀಟರಿಗೆ ಒಂದು ಅಡಿಕೆ ಹಾಳೆ, ಒಂದು ಮೀಟರಿಗೆ ಒಂದು, ಎರಡು ಮೀಟರಿಗೆ ಒಂದು ಇಟ್ಟು, ಸ್ಕ್ರೀನಿನ ಗಾರ್ಡ್ ಮೇಲೆ ಮಾರ್ಕರಿನಲ್ಲಿ ನಾನೇ ಗೆರೆ ಎಳೆದೆ. ಚಕ್ರದ ಸಾಲಿಗೆ ಎರಡು ಉದ್ದ ಗೆರೆ. ಎಡಗಡೆ ಗೆರೆ ತೋಡಿನ ಅಂಚು ಮುಟ್ಟಿದರೆ ಇನ್ನು ಒಂದು ಗೇಣು ಇದೆ ಅಂತ ಲೆಕ್ಕ. ಹೆಂಡತಿ ಈಗ ಓಣಿಯಲ್ಲಿ ನನಗಿಂತ ವೇಗವಾಗಿ ರಿವರ್ಸ್ ಬರುತ್ತಾಳೆ.

ದುಡ್ಡಿನ ಲೆಕ್ಕವನ್ನೂ ಅವಳೇ ಮಾಡಿದ್ದು. ಕಾರಿನಲ್ಲಿ ಈಗ ಇರುವ ಸಾಮಾನು ಮೂರು ಸಾವಿರ ಚಿಲ್ಲರೆ: ಸ್ಕ್ರೀನ್ ಒಂದೂವರೆ ಸಾವಿರ, ಕ್ಯಾಮೆರಾ, ರಿಲೇ ಮತ್ತು ಸಾಕೆಟ್ ನೂರೈವತ್ತು, ಉಳಿದದ್ದು ವಯರು, ಕೇಬಲು, ಸಿಲಿಕೋನು. ಕಪಾಟಿನಲ್ಲಿ ಕೂತಿರುವ ಎಎಚ್‌ಡಿ, ವಯರ್‌ಲೆಸ್, ಕಿತ್ತು ಹಾಕಿದ ಸೆನ್ಸರ್ ಸೇರಿಸಿದರೆ ಆರು ಸಾವಿರದ ಹತ್ತಿರ. ಕಾಸರಗೋಡಿಗೆ ಓಡಾಡಿದ ಪೆಟ್ರೋಲ್ ಹಾಕಿದರೆ ಅಂಗಡಿಯವರು ಹೇಳಿದ ರೇಟೇ ಆಯ್ತಲ್ಲ ಅಂದಳು. ಪೆಟ್ರೋಲ್ ಹಾಕಬಾರದು ಅಂತ ನನ್ನ ವಾದ.

ಮೊನ್ನೆ ಶನಿವಾರ ಭಾವ ತಮ್ಮ ಕಾರು ತಂದು ಅಂಗಳದಲ್ಲಿ ನಿಲ್ಲಿಸಿದರು. "ನಿನ್ನ ಹಾಗೆಯೇ ರಿಲೇ ಹಾಕಿ ಕೊಡು" ಅಂದರು. ಸ್ಕ್ರೀನ್ ನನ್ನದೇ ಮಾದರಿ. ಕ್ಯಾಮೆರಾ ಅವರೇ ಆರಿಸಿ ತಂದಿದ್ದರು, ಜಾಸ್ತಿ ಕ್ಲಿಯರ್ ಅಂತೆ. ನಾನು ಏನೂ ಹೇಳದೆ ಡಬ್ಬ ತಿರುಗಿಸಿ ನೋಡಿದೆ. ಎಎಚ್‌ಡಿ.